ಫ್ರಿಜ್ಜಿನ ಮೀನಿಗೆ ಬೆಂಜೋಯೇಟ್ ಬೇಡ, ಐಸ್ ಹಾಕಿ

ಫ್ರಿಜ್ಜಿನಲ್ಲಿಟ್ಟ ಹಸಿ ಮೀನು ಮೂರನೇ ದಿನಕ್ಕೇ ನಾರುತ್ತದೆ, ಸೋಡಿಯಂ ಬೆಂಜೋಯೇಟ್ (ಆಹಾರ ಕೆಡದಂತೆ ಹಾಕುವ ರಾಸಾಯನಿಕ) ಬೆರೆಸಿದ ನೀರಿನಲ್ಲಿ ಅದ್ದಿಟ್ಟರೆ ಉಳಿಯುತ್ತದೆಯೇ ಎಂದು ಕೇಳಿದ್ದೀರಿ. ಉಳಿಯುವುದಿಲ್ಲ. ಬೆಂಜೋಯೇಟ್ ಕೆಲಸ ಮಾಡುವುದು ಹುಳಿ ಇರುವ ಕಡೆ, ಪಿಎಚ್ (ಹುಳಿಯ ಅಳತೆ, ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು) ಸುಮಾರು 4.5ಕ್ಕಿಂತ ಕೆಳಗೆ. ಹಸಿ ಮೀನಿನ ಪಿಎಚ್ 6ರಿಂದ 7ರ ಆಸುಪಾಸು, ಅಲ್ಲಿ ಹಾಕಿದರೂ ಒಂದೇ ಬಿಟ್ಟರೂ ಒಂದೇ. ಹೆಣ ಕೆಡದಂತೆ ಇಡಲು ಬಳಸುವ ಫಾರ್ಮಾಲಿನ್ ತಂಟೆಗಂತೂ ದಯವಿಟ್ಟು ಹೋಗಬೇಡಿ. ಅದರಲ್ಲಿರುವ ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕ, ಮಾಂಸದೊಳಗೆ ಸೇರಿದ ಮೇಲೆ ತೊಳೆದರೆ ಪೂರ್ತಿ ಹೋಗುವುದೂ ಇಲ್ಲ.

ಮೀನು ಕೆಡಿಸುವ ಬ್ಯಾಕ್ಟೀರಿಯಾಗಳು ಚಳಿಗೆ ಒಗ್ಗಿದಂಥವು, 4 ಡಿಗ್ರಿಯಲ್ಲೂ ಬೆಳೆಯುತ್ತವೆ. 0 ಡಿಗ್ರಿಗೆ ಇಳಿಸಿದರೆ ಬಾಳಿಕೆ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಮೊದಲು ಕರುಳು, ಕಿವಿರು ತೆಗೆಯಿರಿ. ಬೆನ್ನುಮೂಳೆಗೆ ಅಂಟಿಕೊಂಡ ಕಪ್ಪು ರಕ್ತದ ಗೆರೆಯನ್ನು ಚಮಚದ ತುದಿಯಿಂದ ಪೂರ್ತಿ ಕೆರೆದು ತಣ್ಣೀರಲ್ಲಿ ತೊಳೆಯಿರಿ; ಬಹಳ ಜನ ಬಿಟ್ಟುಬಿಡುವುದು ಇದನ್ನೇ. ನೀರು ಒರೆಸಿ, ತೂತಿನ ತಟ್ಟೆಯಲ್ಲಿ ಕೆಳಗೂ ಮೇಲೂ ಪುಡಿ ಐಸ್ ಹಾಕಿ, ಒಂದು ಕೆಜಿ ಮೀನಿಗೆ ಒಂದು ಕೆಜಿ ಐಸ್. ಕರಗಿದ ನೀರು ಕೆಳಗಿನ ಪಾತ್ರೆಗೆ ಇಳಿಯಬೇಕು, ಮೀನು ಆ ನೀರಲ್ಲಿ ನೆನೆಯಬಾರದು. ಐಸ್ ಕರಗಿದಂತೆ ಮತ್ತೆ ತುಂಬಿ.

ಎರಡು ದಿನದೊಳಗೆ ಅಡುಗೆ ಆಗುವುದಿಲ್ಲ ಎಂದಾದರೆ ತಂದ ದಿನವೇ ಗಾಳಿಯಾಡದಂತೆ ಸುತ್ತಿ ಮೈನಸ್ 18 ಡಿಗ್ರಿಯ ಫ್ರೀಜರಿಗೆ ಹಾಕಿ. ಬಂಗುಡೆ, ಟ್ಯೂನಾಗಳಿಗೆ ಈ ಅವಸರ ಇನ್ನೂ ಹೆಚ್ಚು: ಬೆಚ್ಚಗೆ ಬಿಟ್ಟರೆ ಅಲರ್ಜಿಯಂಥ ವಿಷಬಾಧೆ ತರುವ ಹಿಸ್ಟಮಿನ್ ಹುಟ್ಟುತ್ತದೆ, ಆಮೇಲೆ ಎಷ್ಟು ಬೇಯಿಸಿದರೂ, ಫ್ರೀಜ್ ಮಾಡಿದರೂ ಅದು ಹೋಗುವುದಿಲ್ಲ.

ವ್ಯಾಕ್ಯೂಮ್ ಪ್ಯಾಕಿನ ಮೀನಾದರೆ, ಫ್ರಿಜ್ಜಿನಲ್ಲಿ ಕರಗಲು ಇಡುವ ಮೊದಲು ಪ್ಯಾಕ್ ಕತ್ತರಿಸಿ ತೆರೆದಿಡಿ. ಗಾಳಿಯಿಲ್ಲದ ಕಡೆ ಬೊಟುಲಿಸಂ (ಪ್ರಾಣಕ್ಕೇ ಕುತ್ತಾಗಬಲ್ಲ ಆಹಾರ ವಿಷಬಾಧೆ) ತರುವ ಬ್ಯಾಕ್ಟೀರಿಯಾ ಬೆಳೆಯಬಹುದು, ಅದಕ್ಕೆ ಕೆಟ್ಟ ವಾಸನೆಯ ಸುಳಿವೂ ಸಿಗದಿರಬಹುದು.