ಮಗ ನನ್ನ ಫೋನಿನಲ್ಲೇ ಫ್ರೀ ಫೈರ್ ಆಡುತ್ತಾನೆ, ಫೋನ್‌ಪೇ ಕೂಡ ಅದರಲ್ಲೇ ಇದೆ. ಗೇಮ್ ತೆಗೆದುಹಾಕಲಾ?

ಅಕ್ಕಾರೆ, ನಾನು ವಿಜಯಪುರದಲ್ಲಿ ಮೊಬೈಲ್ ಅಂಗಡಿ ಇಟ್ಟವನು. ನೀವು ಮುದ್ದೇಬಿಹಾಳದಿಂದ ಬರೆದಿದ್ದೀರಿ. ಎಂಟನೇ ಕ್ಲಾಸಿನ ಮಗ ಫ್ರೀ ಫೈರ್ ಮ್ಯಾಕ್ಸ್ ಆಡುತ್ತಾನೆ, ಗೇಮಿನಲ್ಲಿ ಪರಿಚಯವಾದ ಯಾರೋ ‘ಅಣ್ಣ’ ಫ್ರೀ ಡೈಮಂಡ್ (ದುಡ್ಡು ಕೊಟ್ಟು ಕೊಳ್ಳುವ ಗೇಮಿನೊಳಗಿನ ನಾಣ್ಯ) ಕೊಡಿಸುತ್ತೇನೆ ಅಂತ ವಾಟ್ಸಾಪ್ ನಂಬರ್ ಕೇಳಿದ್ದಾನೆ ಅಂತ.

ಗೇಮ್ ತೆಗೆಯಬೇಡಿ. ತೆಗೆದರೆ ಗೆಳೆಯನ ಫೋನಿನಲ್ಲಿ ಆಡುತ್ತಾನೆ, ಆಗ ನಿಮಗೆ ಏನೂ ಗೊತ್ತಾಗುವುದಿಲ್ಲ. ಮೊದಲು ಆಟವಾಡುವ ಕೈಗೆ ದುಡ್ಡು ಸಿಗದ ಹಾಗೆ ಮಾಡಿ.

ನಿಮ್ಮ ಮನೆಯಲ್ಲಿ ರೀಚಾರ್ಜ್, ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ? ನಮ್ಮ ಕಡೆ ಬಹಳ ಮನೆಗಳಲ್ಲಿ ಅದು ಮಕ್ಕಳದ್ದೇ ಕೆಲಸ. ‘ತಮ್ಮಾ, ಕಿರಾಣಿ ಅಂಗಡಿಗೆ ರೊಕ್ಕ ಹಾಕು’ ಅಂದರೆ ಅವನೇ ಪಿನ್ ಒತ್ತಿ ಕಳಿಸುತ್ತಾನೆ. ‘ಫೋನ್ ಹ್ಯಾಕ್ ಆಗೇತ್ರಿ’ ಅಂತ ಅಂಗಡಿಗೆ ಬರುವ ಎಷ್ಟೋ ಜನರ ಫೋನಿನಲ್ಲಿ ಹ್ಯಾಕೂ ಇಲ್ಲ, ಏನೂ ಇಲ್ಲ. ಹಿಸ್ಟರಿ ತೆಗೆದರೆ ಗೇಮಿಗೆ ದುಡ್ಡು ಹಾಕಿದ ಸಣ್ಣ ಸಣ್ಣ ಟಾಪ್‌ಅಪ್‌ಗಳ ಸಾಲು. ಹುಡುಗ ಪಕ್ಕದಲ್ಲೇ ನೆಲ ನೋಡುತ್ತಾ ನಿಂತಿರುತ್ತಾನೆ.

ಹಾಗಾಗಿ ಪಿನ್ ಬದಲಿಸಿ. ಅಷ್ಟೇ ಸಾಲದು. ಎಟಿಎಂ ಕಾರ್ಡಿನ ಕೊನೆಯ ಆರು ಅಂಕಿ, ಎಕ್ಸ್‌ಪೈರಿ ತಿಂಗಳು ಇದ್ದರೆ ಹೊಸ ಪಿನ್ ಹಾಕಬಹುದು, ಒಟಿಪಿ ಬರುವುದೂ ಅದೇ ಫೋನಿಗೆ. ಕಾರ್ಡನ್ನು ತಿಜೋರಿಯಲ್ಲಿಟ್ಟು ಬೀಗ ಹಾಕಿ. ಯುಪಿಐ ಲೈಟ್ ಆನ್ ಇದ್ದರೆ ಅದನ್ನೂ ನೋಡಿ. ಅದರಲ್ಲಿ 5,000 ರೂಪಾಯಿವರೆಗೆ ಇಡಬಹುದು, ಒಂದು ಸಲಕ್ಕೆ 1,000ದವರೆಗೆ ಪಿನ್ ಇಲ್ಲದೇ ಹೋಗುತ್ತದೆ. ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳುವ ಹಾಗೆ ಮಾಡಿ. ಫೋನಿನಲ್ಲಿ ಮಗನ ಬೆರಳೂ ಸೇರಿದ್ದರೆ ಅದನ್ನು ತೆಗೆಸಿ, ಇಲ್ಲದಿದ್ದರೆ ಇದೆಲ್ಲ ಸುಮ್ನೆ. ಸಾಧ್ಯವಾದರೆ ಸ್ವಲ್ಪವೇ ದುಡ್ಡಿರುವ ಬೇರೆ ಖಾತೆಯನ್ನು ಮಾತ್ರ ಫೋನ್‌ಪೇಗೆ ಜೋಡಿಸಿ. ಬೆಳೆ ಮಾರಿದ ದುಡ್ಡು ಬರುವ ಖಾತೆ ಅದರಲ್ಲಿ ಬೇಡ.

ಇನ್ನು ಆ ‘ಅಣ್ಣ’. ಯಾರಿಗಾದರೂ ಡೈಮಂಡ್ ಹಾಕಿಸಬೇಕಾದರೆ ಗೇಮಿನಲ್ಲಿರುವ ಅವರ ಯುಐಡಿ (ಆಟಗಾರರ ಐಡಿ) ನಂಬರ್ ಸಾಕು. ವಾಟ್ಸಾಪ್ ನಂಬರ್, ಪಾಸ್‌ವರ್ಡ್, ಒಟಿಪಿ ಯಾವುದೂ ಬೇಕಿಲ್ಲ. ಆದ್ದರಿಂದ ಅವನಿಗೆ ಬೇಕಾಗಿರುವುದು ಬೇರೆ ಏನೋ. ಇಂಥವರು ಮಾಮೂಲಾಗಿ ಒಂದು ಲಿಂಕ್ ಕಳಿಸುತ್ತಾರೆ. ತೆರೆದರೆ ಗೇಮಿನ ಪೇಜಿನ ಹಾಗೇ ಕಾಣುತ್ತದೆ, ಫೇಸ್‌ಬುಕ್ ಅಥವಾ ಗೂಗಲ್ ಲಾಗಿನ್ ಕೇಳುತ್ತದೆ. ಹಾಕಿದರೆ ಗೇಮಿನ ಖಾತೆ ಹೋಯಿತು. ಗೂಗಲ್ ಲಾಗಿನ್ ಕೊಟ್ಟಿದ್ದರೆ ನಿಮ್ಮ ಮೇಲ್, ಫೋಟೋ ಎಲ್ಲಾ ಅವರ ಕೈಗೆ ಸಿಗಬಹುದು. ಇಲ್ಲದಿದ್ದರೆ ಒಂದು ಎಪಿಕೆ (ಪ್ಲೇ ಸ್ಟೋರ್ ಬಿಟ್ಟು ನೇರವಾಗಿ ಹಾಕಿಕೊಳ್ಳುವ ಆ್ಯಪ್ ಫೈಲ್) ಕಳಿಸುತ್ತಾರೆ. ಹಾಕಿಕೊಂಡ ಕೂಡಲೇ ಅದು ಎಸ್‌ಎಂಎಸ್ ಓದಲು ಅನುಮತಿ ಕೇಳಿದರೆ ಯೋಚಿಸಿ, ಗೇಮಿಗೆ ನಿಮ್ಮ ಎಸ್‌ಎಂಎಸ್ ಯಾಕೆ? ಒಟಿಪಿ ಓದುವುದಕ್ಕೇ. ಹಳೆಯ ಫ್ರೀ ಫೈರ್ ಅನ್ನು ಕೇಂದ್ರ ಸರ್ಕಾರ 2022ರ ಫೆಬ್ರುವರಿಯಲ್ಲಿ ಬ್ಯಾನ್ ಮಾಡಿತು, ಮ್ಯಾಕ್ಸ್ ಉಳಿಯಿತು. ಹಳೆಯದರ ಎಪಿಕೆ ಅಂತ ಯಾರಾದರೂ ಕೊಟ್ಟರೆ ಮುಟ್ಟಬೇಡಿ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ, ಅದನ್ನು ಮಗನಿಗೆ ಕೂರಿಸಿ ಹೇಳಿ. ‘ನಿಮ್ಮಮ್ಮನ ಫೋನ್‌ಪೇಗೆ ದುಡ್ಡು ಹಾಕ್ತೀನಿ, ನಿನಗೆ ಐನೂರು ಇಟ್ಕೊಂಡು ಉಳಿದಿದ್ದು ಈ ನಂಬರಿಗೆ ಕಳಿಸು’ ಅನ್ನುತ್ತಾರೆ. ಹುಡುಗನಿಗೆ ಲಾಭ ಅನಿಸುತ್ತದೆ. ಅದು ಬೇರೆ ಯಾರಿಗೋ ಮೋಸ ಮಾಡಿದ ದುಡ್ಡಾಗಿದ್ದರೆ ಪೊಲೀಸರು ಹುಡುಕಿಕೊಂಡು ಬರುವುದು ನಿಮ್ಮ ಖಾತೆಗೇ. ಖಾತೆ ಫ್ರೀಜ್ ಆದರೆ ಬಿಡಿಸಿಕೊಳ್ಳಲು ತಿಂಗಳುಗಟ್ಟಲೆ ಓಡಾಡಬೇಕಾಗಬಹುದು. ಫೋಟೋ, ಶಾಲೆ, ಊರಿನ ಹೆಸರು ಕೇಳಿದರೂ ಕೊಡಬಾರದು. ಮಾತೆಲ್ಲ ಗೇಮಿನೊಳಗೇ ಇರಲಿ, ವಾಟ್ಸಾಪ್, ಟೆಲಿಗ್ರಾಮ್‌ಗೆ ಕರೆದರೆ ಬ್ಲಾಕ್.

ನಡುವೆ ಬರುವ ‘ಆಡಿ, ಗೆದ್ದು ದುಡ್ಡು ತಗೊಳ್ಳಿ’ ಜಾಹೀರಾತುಗಳ ಕತೆ ಬೇರೆ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಬಂದ ಕಾನೂನೇ ನಿಷೇಧಿಸಿದೆ. ಮುಟ್ಟುವುದೇ ಬೇಡ.

ಅಕಸ್ಮಾತ್ ದುಡ್ಡು ಹೋದರೆ ಮೊದಲು ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಮಾಡಿದಷ್ಟೂ ದುಡ್ಡು ಮುಂದೆ ಹೋಗುವ ಮೊದಲೇ ತಡೆಯುವ ಅವಕಾಶ ಜಾಸ್ತಿ. ಆಮೇಲೆ ಬ್ಯಾಂಕು, ವಿಜಯಪುರದ ಸಿಇಎನ್ (ಸೈಬರ್ ಅಪರಾಧ ನೋಡುವ ಪೊಲೀಸ್) ಠಾಣೆ. ಸಿಟ್ಟಿನಲ್ಲಿ ಗೇಮ್, ಚಾಟ್ ಡಿಲೀಟ್ ಮಾಡಬೇಡಿ. ಸ್ಕ್ರೀನ್‌ಶಾಟ್, ಯುಟಿಆರ್ ನಂಬರ್ (ದುಡ್ಡು ಹೋದ ವ್ಯವಹಾರದ ನಂಬರ್) ಬೇಕಾಗುತ್ತದೆ.

ಮತ್ತೆ, ಆ ಅಣ್ಣನ ವಿಷಯ ಮಗನೇ ಬಂದು ಹೇಳಿದ ಅಂತ ಬರೆದಿದ್ದೀರಿ, ಅಲ್ವಾ? ಹಾಗಿದ್ದರೆ ಬೈಯಬೇಡಿ. ಇವತ್ತು ಹೊಡೆದರೆ ಮುಂದಿನ ಸಲ ಹೇಳುವುದಿಲ್ಲ.

ಪಿನ್ ಬದಲಿಸುವುದು ಗೊತ್ತಾಗದಿದ್ದರೆ ಯಾವ ಆ್ಯಪ್, ಯಾವ ಬ್ಯಾಂಕ್ ಅಂತ ಇಲ್ಲೇ ಕೇಳಿ, ಹೇಳುತ್ತೇನೆ. ಪಿನ್ ಮಾತ್ರ ಬರೆಯಬೇಡಿ ಮತ್ತೆ!