ಬಡಾವಣೆಯಲ್ಲಿ ಕಳ್ಳತನ ಜಾಸ್ತಿಯಾಗಿದೆ. ಪೊಲೀಸರಿಗೂ ಜನರಿಗೂ ನಂಬಿಕೆ ಬೆಳೆಸೋದು ಹೇಗೆ?

ಆರು ತಿಂಗಳಿಂದ ನಿಮ್ಮ ಬಡಾವಣೆಯಲ್ಲಿ ಬೀಗ ಒಡೆಯುವುದು, ಸರ ಕೀಳುವುದು ಜಾಸ್ತಿಯಾಗಿದೆ ಅಂತ ಬರೆದಿದ್ದೀರಿ. ಠಾಣೆ ಮೆಟ್ಟಿಲು ಹತ್ತಲು ಜನ ಹಿಂಜರಿಯುತ್ತಾರೆ, ಪೊಲೀಸರು ಬಂದು ಕೇಳಿದರೂ ಯಾರೂ ಬಾಯಿ ಬಿಡುವುದಿಲ್ಲ. ಸಂಘದಿಂದ ಇನ್‌ಸ್ಪೆಕ್ಟರನ್ನು ಕರೆದು ದೊಡ್ಡ ಸಭೆ ಮಾಡೋಣವಾ, ಇಲ್ಲ ಆ ದುಡ್ಡಲ್ಲಿ ಬೀದಿಗೆ ಸಿಸಿ ಕ್ಯಾಮೆರಾ ಹಾಕಿಸೋಣವಾ ಅಂತ ಕೇಳಿದ್ದೀರಿ.

ನಾನು ಕಾನ್‌ಸ್ಟೇಬಲ್ ಆಗಿ ಸೇರಿ ಎಎಸ್‌ಐ ಆಗಿ ನಿವೃತ್ತನಾದವನು. ಸರ್ವಿಸ್‌ನ ಬಹುಪಾಲು ಬೀಟ್‌ನಲ್ಲೇ, ಅಂದರೆ ಗಸ್ತಿಗೆ ಅಂತ ಹಂಚಿಕೊಟ್ಟ ಬೀದಿಗಳಲ್ಲೇ ಕಳೆದಿದೆ. ಸಭೆ, ಕ್ಯಾಮೆರಾ ಎರಡನ್ನೂ ಸದ್ಯಕ್ಕೆ ಬದಿಗಿಡಿ. ಮೊದಲು ನಿಮ್ಮ ಬೀಟ್ ಕಾನ್‌ಸ್ಟೇಬಲ್ ಯಾರು ಅಂತ ತಿಳಿದುಕೊಳ್ಳಿ. ಠಾಣೆಗೆ ಹೋಗಿ ಬೀದಿ ಹೆಸರು ಹೇಳಿ, ಇದು ಯಾರ ಬೀಟ್ ಅಂತ ಕೇಳಿದರೆ ಹೇಳುತ್ತಾರೆ. ಅವರ ಹೆಸರು, ನಂಬರು ಬರೆದುಕೊಂಡು ಬನ್ನಿ. ಅವರನ್ನು ಕಳ್ಳತನ ಆಗದ ಒಂದು ಮಾಮೂಲಿ ದಿನ, ಸಂಜೆ ಹೊತ್ತು ಬೀದಿಗೆ ಕರೆಯಿರಿ.

ಯಾಕೆ ಇದನ್ನೇ ಮೊದಲು ಹೇಳುತ್ತಿದ್ದೇನೆ ಅಂದರೆ, ಜನ ಯಾವತ್ತೂ ಇಲಾಖೆಯನ್ನು ನಂಬಿ ಮಾಹಿತಿ ಕೊಟ್ಟಿದ್ದನ್ನು ನಾನು ನೋಡಿಲ್ಲ. ಗುರುತಿರುವ ಒಬ್ಬ ಪೊಲೀಸಿನವನನ್ನು ನಂಬಿ ಕೊಡುತ್ತಾರೆ. ಅವನು ಮತ್ತೆ ಬಂದು, ನೀವು ಹೇಳಿದ್ದು ಏನಾಯಿತು ಅಂತ ತಿಳಿಸಿದರೆ ಇನ್ನೊಂದು ಸಲ ಹೇಳುತ್ತಾರೆ. ಬಾರದಿದ್ದರೆ ಅಲ್ಲಿಗೆ ಮುಗಿಯಿತು.

ನಾನು ಸೇರಿದ ಕಾಲದಲ್ಲಿ ರಾತ್ರಿ ಬೀಟ್ ಅಂದರೆ ಪಾಯಿಂಟ್ ಪುಸ್ತಕಕ್ಕೆ ಸಹಿ ಹಾಕುವ ಕೆಲಸ. ಬ್ಯಾಂಕಿನ ಬಾಗಿಲ ಹತ್ತಿರ ಒಂದು, ದೇವಸ್ಥಾನದ ಗೇಟಿನ ಹತ್ತಿರ ಒಂದು ಪುಸ್ತಕ ತೂಗುಹಾಕಿರುತ್ತಿತ್ತು. ಸೈಕಲ್ ನಿಲ್ಲಿಸಿ, ಟಾರ್ಚ್ ಬೆಳಕಲ್ಲಿ ಟೈಮ್ ಬರೆದು, ಸಹಿ ಹಾಕಿ ಮುಂದಿನ ಪಾಯಿಂಟ್‌ಗೆ ಹೋಗೋದು. ಇವತ್ತು ನಾನು, ನಾಳೆ ಇನ್ನೊಬ್ಬರು. ಬೀದಿ ಜನಕ್ಕೆ ನಮ್ಮ ಮುಖ ಗೊತ್ತಿರಲಿಲ್ಲ, ನಮಗೆ ಅವರ ಹೆಸರು ಗೊತ್ತಿರಲಿಲ್ಲ. 2017ರಲ್ಲಿ ಆರ್.ಕೆ. ದತ್ತಾ ಅವರು ಡಿಜಿಪಿ, ಅಂದರೆ ರಾಜ್ಯ ಪೊಲೀಸ್ ಮುಖ್ಯಸ್ಥರು ಆಗಿದ್ದಾಗ ಸುಧಾರಿತ ಗಸ್ತು ವ್ಯವಸ್ಥೆ ಬಂತು. ಠಾಣೆಯ ವ್ಯಾಪ್ತಿಯನ್ನು ಬೀಟ್‌ಗಳಾಗಿ ಹಂಚಿ, ಒಂದೊಂದಕ್ಕೂ ಒಬ್ಬ ಕಾನ್‌ಸ್ಟೇಬಲ್ ಅಥವಾ ಹೆಡ್ ಕಾನ್‌ಸ್ಟೇಬಲ್‌ನನ್ನು ಜವಾಬ್ದಾರಿ ಮಾಡಿದರು. ಆ ಬೀಟಿನ ಜನರನ್ನು ಸೇರಿಸಿ ಸಮಿತಿ ಮಾಡಬೇಕು ಅಂತಲೂ ಹೇಳಿದರು. 2025ರಲ್ಲಿ 'ಮನೆ ಮನೆಗೆ ಪೊಲೀಸ್' ಶುರುವಾಗಿದ್ದೂ ಇದೇ ದಾರಿಯಲ್ಲಿ. ಹಾಗಾಗಿ ನೀವು ಬೀಟ್ ಪೊಲೀಸರನ್ನು ಬೀದಿಗೆ ಬನ್ನಿ ಅಂತ ಕರೆದರೆ ಅದು ಅವರ ಡ್ಯೂಟಿಯ ಭಾಗವೇ. ಸಂಕೋಚ ಬೇಡ.

ಒಂದು ಉದಾಹರಣೆ ಹೇಳುತ್ತೇನೆ. ಬಯಲುಸೀಮೆಯ ಒಂದು ಊರಿನಲ್ಲಿ, ನನ್ನ ಬೀಟಿನ ಸರ್ಕಲ್‌ನಲ್ಲಿ ಒಬ್ಬರು ಅಜ್ಜಿ ಹೂವು ಮಾರುತ್ತಿದ್ದರು. ಬೆಳಗಿನ ಜಾವಕ್ಕೇ ಬಂದು, ಗೋಣಿಚೀಲ ಹಾಸಿಕೊಂಡು, ಬಾಳೆನಾರಿನಲ್ಲಿ ಸೇವಂತಿಗೆ ಕಟ್ಟುತ್ತಾ ಕೂರೋರು. ಒಬ್ಬ ಪುಂಡ ದಿನಾ ಬಂದು ಜಾಗದ ಬಾಡಿಗೆ ಅಂತ ಅವರ ಹತ್ತಿರ ಇಪ್ಪತ್ತು ರೂಪಾಯಿ ಕಿತ್ತುಕೊಂಡು ಹೋಗುತ್ತಿದ್ದ. ಅಜ್ಜಿ ನನಗೆ ಹೇಳಿರಲಿಲ್ಲ. ಪಕ್ಕದ ಟೀ ಅಂಗಡಿಯವನು ಹೇಳಿದ. ಆ ಹುಡುಗನನ್ನು ಕರೆಸಿ, ಅವನ ಅಪ್ಪನ ಎದುರೇ ಮಾತಾಡಿ ಅದನ್ನು ನಿಲ್ಲಿಸಿದೆ. ಮಾರನೇ ದಿನ ಹೋಗಿ, "ಅಜ್ಜಿ, ಇನ್ನು ಅವನು ಬರಲ್ಲ. ಬಂದರೆ ನನಗೆ ಹೇಳಿ" ಅಂದೆ. ಅವರು ಒಂದು ಸಲ ತಲೆ ಎತ್ತಿ ನೋಡಿ ಹೂವು ಕಟ್ಟುವುದನ್ನು ಮುಂದುವರಿಸಿದರು. ವಾರ ಬಿಟ್ಟು ಮತ್ತೆ ಕೇಳಿದೆ, ಬಂದಿದ್ನಾ ಅಂತ. ಇಲ್ಲ ಅಂದರು. ಆಮೇಲೂ ಆ ಕಡೆ ಹೋದಾಗಲೆಲ್ಲ ಕೇಳುತ್ತಿದ್ದೆ.

ಕೆಲವು ತಿಂಗಳಾದ ಮೇಲೆ ಆ ಭಾಗದಲ್ಲಿ ಸರಗಳ್ಳತನ ಶುರುವಾಯಿತು. ಬೆಳಗ್ಗೆ ರಂಗೋಲಿ ಹಾಕಲು ಬಗ್ಗಿದ ಹೆಂಗಸರ ಕೊರಳಿಗೆ ಕೈ ಹಾಕೋದು. ಒಂದು ದಿನ ಅಜ್ಜಿಯೇ ಕೈಸನ್ನೆ ಮಾಡಿ ಕರೆದರು. "ಸಾರ್, ಎಲ್ಡು ಹುಡುಗ್ರು ಕಪ್ಪು ಬೈಕಲ್ಲಿ ಮೂರು ದಿನದಿಂದ ಸುತ್ತತಾವ್ರೆ. ಹಿಂದೆ ಕೂತೋನು ಮುಖಕ್ಕೆ ಕರ್ಚೀಫ್ ಕಟ್ಕೊಂಡಿರ್ತಾನೆ. ನಂಬರ್ ಪ್ಲೇಟಿಗೆ ಸಗಣಿ ಮೆತ್ತವ್ರೆ, ಬೇರೆ ಎಲ್ಲೂ ಒಂದು ಚಿಟಿಕೆ ಕೆಸರಿಲ್ಲ." ಆ ಕೊನೆಯ ಮಾತು ನೋಡಿ. ಬೈಕೆಲ್ಲ ಕ್ಲೀನಾಗಿದೆ, ಪ್ಲೇಟಿಗೆ ಮಾತ್ರ ಸಗಣಿ. ನಮ್ಮ ಕ್ರೈಂ ಸಿಬ್ಬಂದಿಗೆ ಇಷ್ಟು ಸಾಕಾಯಿತು. ಮಫ್ತಿಯಲ್ಲಿ ನಿಂತರು, ಹಿಡಿದರು. ಅಜ್ಜಿಯ ಹೆಸರು ಯಾವ ಕಾಗದದಲ್ಲೂ ಬರಲಿಲ್ಲ. ಹಿಡಿದ ದಿನ ಸಂಜೆಯೇ ಹೋಗಿ ಅವರಿಗೆ ಹೇಳಿ ಬಂದೆ.

ಆ ಸರ್ಕಲ್‌ನಲ್ಲಿ ಕ್ಯಾಮೆರಾ ಇದ್ದಿದ್ದರೆ ಸಗಣಿ ಮೆತ್ತಿದ ಪ್ಲೇಟು, ಕರ್ಚೀಫ್ ಕಟ್ಟಿದ ಮುಖ ಸಿಗುತ್ತಿತ್ತು, ಅದೂ ಸರ ಹೋದ ಮೇಲೆ. ಕ್ಯಾಮೆರಾ ಬೇಡ ಅಂತಲ್ಲ, ಕೋರ್ಟಿಗೆ ಸಾಕ್ಷಿ ಆಗುತ್ತದೆ, ಆಮೇಲೆ ಹಾಕಿಸಿ. ಆದರೆ ಬೀದಿಯಲ್ಲಿ ಹೊತ್ತು ಹುಟ್ಟುವ ಮೊದಲೇ ಎದ್ದಿರುವವರು ಯಾರು ಅಂತ ಮೊದಲು ಪಟ್ಟಿ ಮಾಡಿ. ಹಾಲಿನವರು, ಪೇಪರ್ ಹುಡುಗರು, ಪೌರಕಾರ್ಮಿಕರು, ಆಟೋ ಸ್ಟ್ಯಾಂಡಿನವರು, ಅಪಾರ್ಟ್‌ಮೆಂಟಿನ ವಾಚ್‌ಮನ್, ಮನೆಗೆಲಸಕ್ಕೆ ಬರುವ ಹೆಂಗಸರು. ಬೀಟ್ ಪೊಲೀಸರಿಗೆ ಪರಿಚಯ ಮಾಡಿಸಬೇಕಾದವರು ಇವರು. ಸಂಘದ ಅಧ್ಯಕ್ಷರ ಪರಿಚಯ ಹೇಗಿದ್ದರೂ ಆಗುತ್ತದೆ.

ನಂಬಿಕೆ ಮುರಿಯುವ ಜಾಗ ಒಂದಿದೆ. ಅದು ಠಾಣೆಯ ಬರಹಗಾರರ ಮೇಜು. ಮೊಬೈಲ್ ಕಿತ್ತುಕೊಂಡು ಹೋದರು ಅಂತ ಓಡಿ ಬಂದವನಿಗೆ, "ಕಳೆದುಹೋಗಿದೆ ಅಂತ ಬರೆದುಕೊಡಿ, ಬೇಗ ಆಗುತ್ತೆ" ಅನ್ನುವುದನ್ನು ನಾನು ನೋಡಿದ್ದೇನೆ. ಯಾಕೆ ಹಾಗೆ ಮಾಡುತ್ತಾರೆ? ಕೇಸ್ ದಾಖಲಾದರೆ ಅದು ತಿಂಗಳ ಕ್ರೈಂ ಮೀಟಿಂಗ್‌ನಲ್ಲಿ ಬರುತ್ತದೆ. ಪತ್ತೆಯಾಗದ ಕೇಸ್ ಜಾಸ್ತಿಯಾದರೆ ಇನ್‌ಸ್ಪೆಕ್ಟರ್ ಎದ್ದು ನಿಂತು ಉತ್ತರ ಕೊಡಬೇಕು. ಇದರಿಂದ ಆಗುವ ಅನ್ಯಾಯ ಬರೀ ಆ ಮೊಬೈಲ್ ಕಳೆದುಕೊಂಡವನಿಗಲ್ಲ. ದಾಖಲಾಗದ ಕಳ್ಳತನ ಠಾಣೆಯ ಲೆಕ್ಕದಲ್ಲಿ ನಡೆದೇ ಇಲ್ಲ. ರಾತ್ರಿ ಗಸ್ತು ಹಾಕುವಾಗ ಆ ಬೀದಿಯಲ್ಲಿ ಏನೂ ತೊಂದರೆ ಇಲ್ಲ ಅಂತಲೇ ಲೆಕ್ಕ. ಆದ್ದರಿಂದ ಸಣ್ಣದು, ದೊಡ್ಡದು ಅನ್ನದೆ ಪ್ರತಿ ಕಳ್ಳತನಕ್ಕೂ ದೂರು ಕೊಡಿ. "ಬಿಡಿ ಸಾರ್, ಹೋಗಿದ್ದು ಹೋಯ್ತು" ಅನ್ನುವ ಅಕ್ಕಪಕ್ಕದವರನ್ನು ನೀವೇ ಜೊತೆಗೆ ಕರೆದುಕೊಂಡು ಹೋಗಿ.

ಕಾನೂನು ನಿಮ್ಮ ಕಡೆಗಿದೆ. ಮನೆಗಳ್ಳತನ, ಸರಗಳ್ಳತನದಂಥ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಹಾಕಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಯಾವ ಠಾಣೆಯ ವ್ಯಾಪ್ತಿ ಅನ್ನುವ ನೆಪ ಹೇಳುವ ಹಾಗಿಲ್ಲ, ಎಫ್‌ಐಆರ್ ಪ್ರತಿಯನ್ನು ಪುಕ್ಕಟೆ ಕೊಡಬೇಕು. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ, ಕಮಿಷನರೇಟ್ ಊರುಗಳಲ್ಲಾದರೆ ಡಿಸಿಪಿಗೆ ಬರವಣಿಗೆಯಲ್ಲಿ ಕಳಿಸಬಹುದು. 193ನೇ ಸೆಕ್ಷನ್ ಪ್ರಕಾರ ತನಿಖೆ ಎಲ್ಲಿಗೆ ಬಂತು ಅಂತ ದೂರು ಕೊಟ್ಟವರಿಗೆ 90 ದಿನದೊಳಗೆ ತಿಳಿಸಬೇಕು. ಇನ್ನೊಂದು ವಿಷಯ ಜನಕ್ಕೆ ಗೊತ್ತೇ ಇಲ್ಲ. ಹೆಂಗಸರನ್ನು, 60 ದಾಟಿದವರನ್ನು ಸಾಕ್ಷಿ ಹೇಳಿಕೆಗೆ ಠಾಣೆಗೆ ಬನ್ನಿ ಅಂತ ಒತ್ತಾಯ ಮಾಡುವ ಹಾಗಿಲ್ಲ, ಪೊಲೀಸರೇ ಮನೆಗೆ ಹೋಗಬೇಕು. ಸರ ಕಳೆದುಕೊಂಡ ಅಜ್ಜಿಯಂದಿರಿಗೆ ಇದನ್ನು ಹೇಳಿ, ಅರ್ಧ ಭಯ ಅಲ್ಲೇ ಹೋಗುತ್ತದೆ. ಆದರೆ ಸೆಕ್ಷನ್ ನಂಬರ್ ಹಿಡಿದುಕೊಂಡು ಜಗಳಕ್ಕೆ ಹೋಗಬೇಡಿ. ಎರಡು ಮೂರು ಜನ ಸೇರಿ ಹೋಗಿ, ಸಮಾಧಾನವಾಗಿ ಕೇಳಿ.

ಈಗ ನಮ್ಮ ಕಡೆಯದೂ ಕೇಳಿ. ಪೊಲೀಸರೂ ಜನರನ್ನು ನಂಬಲ್ಲ ಅನ್ನುವುದು ನಿಜ. ಕಾರಣ ಪಂಚನಾಮೆ, ಅಂದರೆ ಸ್ಥಳದಲ್ಲಿ ಕಂಡದ್ದನ್ನು ಪಂಚರು ಅನ್ನುವ ಸಾಕ್ಷಿಗಳ ಎದುರು ಬರೆದಿಡುವ ಕಾಗದ. ಕಳ್ಳತನವಾದ ಮನೆಗೆ ಹೋಗಿ, ಪಂಚರಾಗಿ ಇಬ್ಬರು ಬಂದು ಸಹಿ ಹಾಕಿ ಅಂತ ಕೇಳಿದ ಕೂಡಲೇ ಬೀದಿ ಖಾಲಿಯಾಗುತ್ತದೆ. ಐದು ನಿಮಿಷದ ಹಿಂದೆ ಕಾಂಪೌಂಡ್ ಮೇಲೆ ನಿಂತು ನೋಡುತ್ತಿದ್ದವರೆಲ್ಲ ಬಾಗಿಲು ಹಾಕಿಕೊಳ್ಳುತ್ತಾರೆ. ಕೊನೆಗೆ ಟೀ ಅಂಗಡಿಯ ಹುಡುಗನನ್ನೋ ದಾರಿಹೋಕನನ್ನೋ ಬೇಡಿಕೊಂಡು ಸಹಿ ಹಾಕಿಸಬೇಕು. ಎರಡು ಮೂರು ವರ್ಷ ಬಿಟ್ಟು ಕೇಸ್ ಕೋರ್ಟಿಗೆ ಬಂದಾಗ ಅವನು ಎಲ್ಲಿದ್ದಾನೋ. ಸಿಕ್ಕರೂ "ನನಗೆ ಏನೂ ಗೊತ್ತಿಲ್ಲ, ಪೊಲೀಸರು ಸಹಿ ಹಾಕು ಅಂದರು, ಹಾಕಿದೆ" ಅಂದುಬಿಡುತ್ತಾನೆ. ಹಿಡಿದ ಕಳ್ಳ ಕೋರ್ಟಿನಿಂದ ನಮ್ಮ ಮುಂದೆಯೇ ನಡೆದುಕೊಂಡು ಹೋಗುತ್ತಾನೆ. ನಿಮ್ಮ ಬೀದಿಯಲ್ಲಿ ನಾಲ್ಕು ಜನ, ನಿವೃತ್ತ ಮೇಷ್ಟ್ರೋ ಬ್ಯಾಂಕಿನವರೋ, ಪಂಚರಾಗಿ ಬರುತ್ತೇವೆ, ಕೋರ್ಟಿಗೂ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇವೆ ಅಂತ ಬೀಟ್ ಪೊಲೀಸರಿಗೆ ಮಾತು ಕೊಡಿ. ಈಗ ಶೋಧ, ಜಪ್ತಿ ಎಲ್ಲವನ್ನೂ ವಿಡಿಯೋ ಮಾಡಬೇಕು ಅಂತ ಹೊಸ ಕಾನೂನಿನಲ್ಲಿದೆ, ಹಾಗಾಗಿ ಪಂಚರ ಭಯವೂ ಕಡಿಮೆ. ಹೀಗೆ ನಿಲ್ಲುವ ಒಂದು ಬೀದಿ ಇದೆ ಅಂತ ಗೊತ್ತಾದರೆ ಠಾಣೆಯಲ್ಲಿ ಆ ಬೀದಿಗೆ ಬೇರೆಯೇ ಮರ್ಯಾದೆ. ನಾನು ಕಣ್ಣಾರೆ ನೋಡಿದ್ದೇನೆ.

ಇಂಥ ಸಂಬಂಧ ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ಮುಂಬೈ ಪಕ್ಕದ ಭಿವಂಡಿ ನೆನಪಾಗುತ್ತದೆ. ಪವರ್‌ಲೂಮ್‌ಗಳ ಊರು. 1970ರಲ್ಲಿ, 1984ರಲ್ಲಿ ಅಲ್ಲಿ ಕೋಮುಗಲಭೆಯಾಗಿ ಬಹಳ ಜನ ಸತ್ತಿದ್ದರು. 1988ರ ಹೊತ್ತಿಗೆ ಅಲ್ಲಿಗೆ ಡಿಸಿಪಿಯಾಗಿ ಬಂದ ಸುರೇಶ್ ಖೋಪಡೆ ಅವರು ಮೊಹಲ್ಲಾ ಸಮಿತಿಗಳನ್ನು ಮಾಡಿದರು. ಪ್ರತಿ ಸಮಿತಿಯಲ್ಲೂ ಹಿಂದೂಗಳು, ಮುಸ್ಲಿಮರು ಸಮನಾಗಿ, ಜೊತೆಗೆ ಆ ಭಾಗದ ಪೊಲೀಸರು. ದೊಡ್ಡ ಮುಖಂಡರನ್ನು ನೆಚ್ಚದೆ ಸಾಮಾನ್ಯ ಜನರನ್ನು ಕೂರಿಸಿದರು. ಸಭೆಯಲ್ಲಿ ಗಲಭೆಯ ಮಾತಿಗಿಂತ ದಿನದಿನದ ಬೀದಿ ತಕರಾರುಗಳೇ ಜಾಸ್ತಿ ಬರುತ್ತಿದ್ದವು. ಅವನ್ನು ಬಗೆಹರಿಸುತ್ತಾ ಹೋದ ಹಾಗೆ ಜನಕ್ಕೂ ಪೊಲೀಸರಿಗೂ ಮಾತು ಬೆಳೆಯಿತು. 1992ರ ಡಿಸೆಂಬರ್, 1993ರ ಜನವರಿಯಲ್ಲಿ ಮುಂಬೈ ಹೊತ್ತಿ ಉರಿಯುವಾಗ ಭಿವಂಡಿ ಶಾಂತವಾಗಿತ್ತು. ನಿಮ್ಮ ಸಭೆಗೂ ಅದೇ ಮಾದರಿ ಸಾಕು. ಶಾಲು, ಹಾರ, ಮೈಕು ಬೇಡ. ಪಾರ್ಕಿನ ಬೆಂಚಿನಲ್ಲಿ ತಿಂಗಳಿಗೊಮ್ಮೆ ಅರ್ಧ ಗಂಟೆ. ಹೋದ ಸಲ ಹೇಳಿದ್ದು ಏನಾಯಿತು ಅನ್ನುವುದರಿಂದಲೇ ಶುರು ಮಾಡಿ.

ಒಂದು ವಿಷಯದಲ್ಲಿ ಮಾತ್ರ ತುಂಬಾ ಹುಷಾರಾಗಿರಿ. ಪೊಲೀಸರ ಜೊತೆ ಸ್ನೇಹವಾದ ಕೂಡಲೇ ಕೆಲವು ಸಂಘಗಳು, "ಆ ಶೆಡ್‌ನವರ ಮೇಲೆ ಕಣ್ಣಿಡಿ, ಕೆಲಸದವಳನ್ನು ಒಂದು ಸಲ ಠಾಣೆಗೆ ಕರೆಸಿ ಕೇಳಿ" ಅಂತ ಶುರು ಮಾಡುತ್ತವೆ. ಒಂದು ಕಡೆ ಕಳ್ಳತನವಾದ ಮನೆಯ ಕೆಲಸದಾಕೆಯನ್ನು ಸಂಜೆವರೆಗೆ ಠಾಣೆಯ ಬೆಂಚಿನ ಮೇಲೆ ಕೂರಿಸಿ, ಏನೂ ಇಲ್ಲ ಅಂತ ಕಳಿಸಿದರು. ಆಕೆ ಇದ್ದ ಕೊಳೆಗೇರಿಯಿಂದ ಆಮೇಲೆ ನಮಗೆ ಒಂದು ಮಾತೂ ಬರಲಿಲ್ಲ. ಆ ಜನ ಊರಿನ ಅರ್ಧ ಮನೆಗಳಿಗೆ ಕೆಲಸಕ್ಕೆ ಹೋಗುವವರು. ಅವರಿಗೆ ಗೊತ್ತಿರುವಷ್ಟು ನಮಗೆ ಯಾವತ್ತೂ ಗೊತ್ತಾಗುವುದಿಲ್ಲ. ನಿಮ್ಮ ಸಭೆಗೆ ಅವರನ್ನೂ ಕರೆಯಿರಿ, ಅವರ ಕುಂದುಕೊರತೆಯನ್ನೂ ಅದೇ ಪಟ್ಟಿಯಲ್ಲಿ ಬರೆಯಿರಿ. ಹಾಗೆಯೇ ಲಾಠಿ ಹಿಡಿದು ಪೊಲೀಸರ ಹಾಗೆ ಓಡಾಡುವ ಯುವಕರ ಪಡೆ ಕಟ್ಟಬೇಡಿ. ತಮಿಳುನಾಡಿನಲ್ಲಿ 1993ರಲ್ಲಿ ರಾಮನಾಥಪುರದಲ್ಲಿ ಒಳ್ಳೆಯ ಉದ್ದೇಶದಿಂದಲೇ 'ಫ್ರೆಂಡ್ಸ್ ಆಫ್ ಪೊಲೀಸ್' ಶುರುವಾಗಿತ್ತು. 2020ರಲ್ಲಿ ಸಾತಾನ್‌ಕುಳಂನಲ್ಲಿ ತಂದೆ, ಮಗ ಪೊಲೀಸ್ ಹೊಡೆತದಿಂದ ಸತ್ತ ಮೇಲೆ ಆ ಸ್ವಯಂಸೇವಕರ ಮೇಲೂ ಆರೋಪ ಬಂತು, ಸರ್ಕಾರ ಅದನ್ನು ನಿಷೇಧಿಸಿತು.

ವಾಟ್ಸ್ಯಾಪ್ ಗ್ರೂಪ್ ಮಾಡಿದರೆ ಬೀಟ್ ಪೊಲೀಸರನ್ನು ಸೇರಿಸಿ, ಅವರು ಖಚಿತ ಮಾಡದೆ ಯಾರ ಫೋಟೋವನ್ನೂ ಹಾಕಬೇಡಿ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಅನ್ನುವ ವದಂತಿ ನಂಬಿ ಜನ ಅಮಾಯಕರನ್ನು ಹೊಡೆದು ಕೊಂದರು. ಮುರ್ಕಿಯಲ್ಲಿ ಬಿಡಿಸಲು ಹೋದ ಪೊಲೀಸರಿಗೂ ಏಟು ಬಿತ್ತು. ಅನುಮಾನ ಬಂದರೆ 112ಕ್ಕೆ ಫೋನ್ ಮಾಡಿ, ಬೀಟ್‌ನವರಿಗೂ ಒಂದು ಕರೆ ಮಾಡಿ.

ಇನ್ನು ಆ ಕಾನ್‌ಸ್ಟೇಬಲ್ ಬಗ್ಗೆ. ಅವರಿಗೆ ಬಂದೋಬಸ್ತ್, ಸಮನ್ಸ್, ಕೋರ್ಟ್ ಡ್ಯೂಟಿ ಎಲ್ಲ ಇರುತ್ತದೆ. ಹೇಳಿದ ದಿನ ಬರಲಾಗದಿದ್ದರೆ ಬೇಸರ ಮಾಡಿಕೊಳ್ಳಬೇಡಿ. ಪೆಟ್ರೋಲಿಗೆ, ಕಾಫಿಗೆ ಅಂತ ದುಡ್ಡು ಕೊಡಬೇಡಿ. ಅವರು ಒಳ್ಳೆ ಕೆಲಸ ಮಾಡಿದಾಗ ಹತ್ತು ಜನ ಸಹಿ ಹಾಕಿ ಎಸ್‌ಪಿಗೋ ಡಿಸಿಪಿಗೋ ಒಂದು ಕಾಗದ ಬರೆಯಿರಿ. ಕೆಳಗಿನ ಸಿಬ್ಬಂದಿಯನ್ನು ಹೊಗಳಿ ಜನ ಬರೆಯುವುದು ಅಪರೂಪ. ಮೇಲಿನವರು ಅದನ್ನು ಗಮನಿಸುತ್ತಾರೆ, ಪ್ರಶಂಸಾ ಪತ್ರ, ನಗದು ಬಹುಮಾನಕ್ಕೂ ದಾರಿಯಾಗುತ್ತದೆ. ಅದೇ ಕಾಗದದಲ್ಲಿ ಇವರನ್ನು ಇದೇ ಬೀಟಿನಲ್ಲಿ ಇನ್ನಷ್ಟು ಕಾಲ ಇಡಿ ಅಂತಲೂ ಕೇಳಿಕೊಳ್ಳಿ. ಆದರೂ ಒಂದಲ್ಲ ಒಂದು ದಿನ ಅವರಿಗೆ ವರ್ಗವಾಗುತ್ತದೆ. ಆಗ ಹೊಸದಾಗಿ ಬರುವವರನ್ನು ಹಳಬರೇ ಕರೆದುಕೊಂಡು ಬಂದು ಒಂದು ಸುತ್ತು ಬೀದಿ ತಿರುಗಿಸಲಿ ಅಂತ ಇನ್‌ಸ್ಪೆಕ್ಟರ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ. ವಾಚ್‌ಮನ್, ಹೂವಿನವರು, ಆಟೋದವರು, ಎಲ್ಲರ ಹತ್ತಿರವೂ ನಿಂತು, ಇನ್ನು ಮೇಲೆ ಇವರಿಗೆ ಹೇಳಿ ಅಂತ ಹೇಳಿ ಹೋಗಲಿ.