ಜರ್ಮನಿಯ ರೆಸಿಡೆನ್ಸ್ ಕಾರ್ಡ್‌ಗೆ ಏಜೆಂಟ್ ಹಿಡಿಯಬೇಕಾ? ಮೊದಲು ಲೆಟರ್ ಬಾಕ್ಸ್ ನೋಡಿ

ವೀಸಾ ಮುಗಿಯಲು ಎರಡು ತಿಂಗಳಿದೆ, ಕಾರ್ಡ್‌ಗೆ ಅರ್ಜಿ ಹಾಕಿ ಐದು ವಾರವಾದರೂ ವಿದೇಶಿಯರ ಕಚೇರಿಯಿಂದ ಸದ್ದಿಲ್ಲ, ಏಜೆಂಟ್ ಹಿಡಿಯಲಾ ಇಲ್ಲಾ ಕಾಯಲಾ ಅಂತ ಕೇಳಿದ್ದೀರಿ. ಕೊನೆಯಲ್ಲಿ 'ಸದ್ಯ ಸ್ನೇಹಿತನ ಫ್ಲಾಟಿನಲ್ಲಿದ್ದೇನೆ' ಅಂತ ಬರೆದಿದ್ದೀರಲ್ಲ, ಅದನ್ನು ಓದಿದ ಕೂಡಲೇ ನನ್ನ 2019 ಕಣ್ಣ ಮುಂದೆ ಬಂತು.

ನಾನು ಆ ವರ್ಷ ಜನವರಿಯಲ್ಲಿ ಬಂದೆ. ಕೆಲಸದ ವೀಸಾ, ಆರು ತಿಂಗಳದ್ದು. ಎಲ್ಲ ಶಿಸ್ತಾಗಿ ಮಾಡಿದವನು ನಾನು. ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಇಲ್ಲಿ ಆನ್‌ಮೆಲ್ಡುಂಗ್ ಅಂತಾರೆ. ಒಂಬತ್ತನೇ ದಿನಕ್ಕೆ ಅದನ್ನು ಮುಗಿಸಿದ್ದೆ. ಮನೆ ಮಾಲೀಕರು ಸಹಿ ಮಾಡಿದ ಕಾಗದ, ಇನ್ಶೂರೆನ್ಸ್, ಕೆಲಸದ ಕರಾರು, ಎಲ್ಲ ಒಂದು ಫೈಲಿನಲ್ಲಿ. ಏಪ್ರಿಲ್ ಕೊನೆಗೆ ಕಾರ್ಡ್‌ಗೆ ಅರ್ಜಿಯನ್ನೂ ಕಳಿಸಿದೆ. ಆಮೇಲೆ ನಿಮ್ಮ ಹಾಗೇ ಕಾದೆ.

ತಪ್ಪು ಎಲ್ಲಾಯಿತು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಜರ್ಮನಿಯ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲಾಟ್ ನಂಬರ್ ಇರುವುದಿಲ್ಲ. ಬೀದಿ ಹೆಸರು, ಕಟ್ಟಡದ ನಂಬರ್, ಪಿನ್ ಕೋಡ್, ಊರು, ಅಷ್ಟೇ. ಹಾಗಾಗಿ ಪೋಸ್ಟ್ ಹಂಚುವವರಿಗೆ ಇರುವ ಒಂದೇ ಗುರುತು ಕೆಳಗಿನ ಲೆಟರ್ ಬಾಕ್ಸ್ ಮೇಲಿನ ಹೆಸರು. ಆ ಹೆಸರು ಅಲ್ಲಿಲ್ಲದಿದ್ದರೆ ಪತ್ರ ವಾಪಸ್. ಪಕ್ಕದ ಮನೆಯವರನ್ನು ಕೇಳಿ ತಲುಪಿಸುವ ನಮ್ಮೂರ ಪೋಸ್ಟ್‌ಮ್ಯಾನ್ ಇಲ್ಲಿಲ್ಲ.

ಇದು ನನಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು! ಬಂದ ಮೊದಲ ದಿನವೇ ಸ್ನೇಹಿತನ ಹೆಸರಿನ ಕೆಳಗೆ ಟೇಪ್ ಹಚ್ಚಿ ನನ್ನ ಹೆಸರು ಬರೆದಿದ್ದೆ. ಆದರೆ ಬರೆದದ್ದು ಎಲ್ಲರೂ ನನ್ನನ್ನು ಕರೆಯುವ ಹೆಸರು. ನಮ್ಮ ಕಡೆಯ ಎಷ್ಟೋ ಜನರ ಹಾಗೆ ನನಗೂ ಸರ್‌ನೇಮ್ ಇಲ್ಲ, ಇನಿಷಿಯಲ್ ಇದೆ. ಪಾಸ್‌ಪೋರ್ಟ್ ಮಾಡಿಸುವಾಗ ಆ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರನ್ನು ಸರ್‌ನೇಮ್ ಜಾಗಕ್ಕೆ ತುಂಬಿದ್ದೆ. ಅಂದರೆ ಜರ್ಮನ್ ಸರ್ಕಾರದ ಲೆಕ್ಕದಲ್ಲಿ ನಾನು ನಮ್ಮಪ್ಪ. ಸರ್ಕಾರಿ ಪತ್ರವೆಲ್ಲ ಅವರ ಹೆಸರಿಗೆ ಹೊರಡುತ್ತಿತ್ತು. ಅವರು ತೀರ್ಥಹಳ್ಳಿಯಲ್ಲಿ ತೋಟ ನೋಡಿಕೊಂಡಿದ್ದರು.

ಅನುಮಾನ ಯಾಕೆ ಬರಲಿಲ್ಲ ಅಂದರೆ, ಆನ್‌ಲೈನ್‌ನಲ್ಲಿ ತರಿಸಿದ ಕುಕ್ಕರ್, ಜಾಕೆಟ್ ಎಲ್ಲ ಸರಿಯಾಗಿ ಬರುತ್ತಿದ್ದವು. ಅಲ್ಲಿ ನಾನು ಕೊಟ್ಟಿದ್ದು ಕರೆಯುವ ಹೆಸರೇ ಅಲ್ವಾ? ಬಾಕ್ಸ್ ಸರಿಯಿದೆ ಅಂತ ನಂಬಿಬಿಟ್ಟೆ. ಆದರೆ ನೋಂದಣಿಯಾದ ಕೆಲವು ವಾರದಲ್ಲಿ ಬರಬೇಕಿದ್ದ ತೆರಿಗೆ ನಂಬರಿನ ಪತ್ರ ಬರಲೇ ಇಲ್ಲ. ಆ ನಂಬರ್ ಕೊಡದಿದ್ದರೆ ಕಂಪನಿ ಸಂಬಳವನ್ನು ಆರನೇ ತೆರಿಗೆ ವರ್ಗಕ್ಕೆ ಹಾಕುತ್ತದೆ, ಅದರಲ್ಲೇ ಕಡಿತ ಎಲ್ಲಕ್ಕಿಂತ ಜಾಸ್ತಿ. ಸಂಬಳ ನೋಡಿ ತೆರಿಗೆಯವರಿಗೆ ಬೈದೆ. ಕೆಳಗೆ ಹೋಗಿ ಬಾಕ್ಸ್ ನೋಡಲಿಲ್ಲ.

ಇನ್ನೊಂದು ಕಥೆ ಹೇಳಲು ಈಗಲೂ ನಾಚಿಕೆ. ಜೂನ್‌ನ ಒಂದು ಶನಿವಾರ ಹಾಲು ತರಲು ಕೆಳಗಿಳಿದೆ. ಪೋಸ್ಟ್ ಹಂಚುವ ಹೆಂಗಸು ಬಾಕ್ಸ್‌ಗಳ ಮುಂದೆ ಲಕೋಟೆ ಹಿಡಿದು ನಿಂತಿದ್ದರು. ನನ್ನನ್ನು ನೋಡಿ ಏನೋ ಹೆಸರು ಓದಿದರು. ಅಪ್ಪನ ಹೆಸರು 'ವ' ಅಕ್ಷರದಿಂದ ಶುರುವಾಗುತ್ತದೆ, ಕೊನೆಗೆ 'ಅಪ್ಪ' ಬರುತ್ತದೆ. ಜರ್ಮನ್ನರ ಬಾಯಲ್ಲಿ ಆ 'ವ' ಎಷ್ಟೋ ಸಲ 'ಫ' ಆಗುತ್ತದೆ. ಅವರು ಓದಿದ್ದು ಯಾವುದೋ ಇಟಲಿಯವರ ಹೆಸರಿನ ಹಾಗೆ ಕೇಳಿಸಿತು. ಅಂಥವರು ಇಲ್ಲಿಲ್ಲ ಅಂತ ನಗುತ್ತಾ 'ನೈನ್' ಅಂದೆ. ಅವರೂ ನಕ್ಕು ಪತ್ರವನ್ನು ಚೀಲಕ್ಕೆ ಹಾಕಿಕೊಂಡರು. ಕಾರ್ಡ್‌ಗೆ ಬೆರಳಿನ ಗುರುತು ಕೊಡಲು ಬನ್ನಿ ಅಂತ ನನ್ನನ್ನು ಕರೆದ ಎರಡನೇ ಪತ್ರ ಅದು. ಮೊದಲನೆಯದು ಮೇ ತಿಂಗಳಲ್ಲೇ ವಾಪಸ್ ಹೋಗಿತ್ತು.

ಜುಲೈನಲ್ಲಿ, ವೀಸಾ ಮುಗಿಯುವ ವಾರ, ಬೆಳಗ್ಗೆ ಐದೂವರೆಗೆ ಹೋಗಿ ಕಚೇರಿಯ ಮುಂದೆ ಸಾಲು ನಿಂತೆ. ಕೌಂಟರಿನಾಕೆ ಫೈಲ್ ತೆಗೆದು ಎರಡು ಲಕೋಟೆ ತೋರಿಸಿದರು. ಎರಡರ ಮೇಲೂ 'ಈ ವಿಳಾಸದಲ್ಲಿ ಪತ್ತೆಯಿಲ್ಲ' ಅನ್ನುವ ಚೀಟಿ. ನೀವು ನಿಜಕ್ಕೂ ಅಲ್ಲಿ ವಾಸವಿದ್ದೀರಾ ಅಂತ ಕೇಳಿದರು. ಸಿಟ್ಟು ಮಾಡಲಿಲ್ಲ, ಆದರೆ ಹೊಸ ಟರ್ಮಿನ್, ಅಂದರೆ ಅಪಾಯಿಂಟ್‌ಮೆಂಟ್, ಸಿಕ್ಕಿದ್ದು ಐದು ವಾರದ ನಂತರ. ನನ್ನ ತಂಗಿಯ ಮದುವೆ ಶ್ರಾವಣದಲ್ಲಿ, ಅಲ್ಲಿಂದ ನಾಲ್ಕನೇ ವಾರಕ್ಕೆ ಇತ್ತು. ವೀಸಾ ಮುಗಿಯುವ ಮೊದಲೇ ಅರ್ಜಿ ಹಾಕಿದ್ದರಿಂದ ಜರ್ಮನಿಯಲ್ಲಿ ಇರಲು ಅಡ್ಡಿಯಿರಲಿಲ್ಲ. ಹೋದರೆ ವಾಪಸ್ ಬರಲು ಕೈಯಲ್ಲಿ ಕಾಗದವಿರಲಿಲ್ಲ. ಧಾರೆಯನ್ನು ಫೋನಿನಲ್ಲಿ ನೋಡಿದೆ. ಇಲ್ಲಿ ಬೆಳಗಿನ ಜಾವ, ನೆಟ್‌ವರ್ಕ್ ಬೇರೆ ಸರಿಯಿರಲಿಲ್ಲ.

ಹಾಗಾಗಿ ಏಜೆಂಟ್ ಬೇಕಾ ಬೇಡವಾ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಏಜೆಂಟ್ ಫಾರ್ಮ್ ತುಂಬಬಹುದು, ಜರ್ಮನ್‌ನಲ್ಲಿ ಫೋನ್ ಮಾಡಬಹುದು. ಪತ್ರ ಬರುವುದು ನಿಮ್ಮ ಬಾಕ್ಸ್‌ಗೆ, ಬೆರಳು ಒತ್ತಬೇಕಾದವರು ನೀವು. ಕಾರ್ಡ್ ಅಚ್ಚಾಗುವುದು ಬರ್ಲಿನ್‌ನ ಬುಂಡೆಸ್‌ಡ್ರುಕೆರೈ ಅನ್ನುವ ಸರ್ಕಾರಿ ಮುದ್ರಣಾಲಯದಲ್ಲಿ. ನನ್ನದು ಬೆರಳಚ್ಚು ಕೊಟ್ಟ ಐದು ವಾರಕ್ಕೆ ಬಂತು, 100 ಯೂರೋ ಶುಲ್ಕ. ಅಲ್ಲಿಯ ಸರದಿಯನ್ನು ಯಾವ ಏಜೆಂಟೂ ಮುಂದೆ ತಳ್ಳಲಾರ. ಕಂಪನಿಯೇ ದುಡ್ಡು ಕೊಟ್ಟು ಏಜೆಂಟ್ ಇಟ್ಟರೆ ಇರಲಿ ಬಿಡಿ. ಕೈಯಿಂದ ಹಾಕಬೇಡಿ. ದುಡ್ಡಿಗೆ ಟರ್ಮಿನ್ ಮಾರುವವರ ಹತ್ತಿರವಂತೂ ಹೋಗಲೇಬೇಡಿ, ಅದು ಕಚೇರಿಯಲ್ಲಿ ಪುಕ್ಕಟೆ ಸಿಗುವಂಥದ್ದು.

ಇವತ್ತೇ ಕೆಳಗೆ ಹೋಗಿ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಇರುವ ಸಾಲನ್ನು ಅಕ್ಷರಕ್ಕೆ ಅಕ್ಷರ ಬಾಕ್ಸ್ ಮೇಲೂ ಬೆಲ್ ಪಕ್ಕದಲ್ಲೂ ಅಂಟಿಸಿ. ಆ ಹೆಸರಿಗೆ ನೀವೇ ಒಂದು ಪತ್ರ ಪೋಸ್ಟ್ ಮಾಡಿ, ಬರುತ್ತದಾ ನೋಡಿ. ತೆರಿಗೆ ನಂಬರಿನ ಪತ್ರ ಈಗಾಗಲೇ ಬಂದಿದ್ದರೆ ನಿಮ್ಮ ಬಾಕ್ಸ್ ಸರಿಯಿದೆ, ನಾನು ಇಷ್ಟು ಬರೆದದ್ದು ದಂಡ. ಬಂದಿಲ್ಲದಿದ್ದರೆ ನಾಳೆಯೇ ಕಚೇರಿಗೆ ಮೇಲ್ ಮಾಡಿ, ಪತ್ರವೇನಾದರೂ ವಾಪಸ್ ಬಂದಿದೆಯಾ ಅಂತ ಕೇಳಿ. ಅರ್ಜಿ ಹಾಕಿದ್ದಕ್ಕೆ ಪುರಾವೆ ಜೋಪಾನ ಮಾಡಿ, ಸಿಕ್ಕ ಉತ್ತರವನ್ನೂ ಪ್ರಿಂಟ್ ತೆಗೆದಿಡಿ. ಫೋಟೋ ಕಾಗದದ್ದು ತೆಗೆಸಬೇಡಿ, 2025ರ ಮೇ ತಿಂಗಳಿಂದ ಡಿಜಿಟಲ್ ಆಗಿದೆ.

ಈ ನಡುವೆ ಊರಿಗೆ ಹೋಗುವುದಿದ್ದರೆ ಫಿಕ್ಟ್ಸಿಯೋನ್ಸ್‌ಬೆಷೈನಿಗುಂಗ್ ಅನ್ನುವ ತಾತ್ಕಾಲಿಕ ಪತ್ರ ಕೇಳಿ, 13 ಯೂರೋ. ಅದರಲ್ಲಿ ಮೂರು ಚೌಕ ಇರುತ್ತವೆ. ಮೂರನೆಯದಕ್ಕೆ, ಅಂದರೆ ಜರ್ಮನಿಯ ವಾಸದ ಕಾನೂನಿನ 81ನೇ ಸೆಕ್ಷನ್‌ನ 4ನೇ ಉಪವಿಭಾಗಕ್ಕೆ, ಗುರುತು ಬಿದ್ದಿದ್ದರೆ ಹೋಗಿ ವಾಪಸ್ ಬರಬಹುದು. ಕೌಂಟರ್ ಬಿಡುವ ಮೊದಲೇ ನೋಡಿಕೊಳ್ಳಿ.

ಅಂದಹಾಗೆ, ನಿಮ್ಮ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗದಲ್ಲಿ ಏನಿದೆ? ಅದನ್ನೇ ಬರೆದಿಲ್ಲ ನೀವು.